46 ಸೆಕೆಂಡುಗಳ ಋಣ

ನಾನು ಕುಡಿತ ಬಿಟ್ಟು ಈ ವಾರಕ್ಕೆ ಐದು ವರ್ಷ ತುಂಬಿತು. ವ್ಯಸನಮುಕ್ತಿ ಕೇಂದ್ರದ ವೈದ್ಯರಿಗೆ, ನಡುರಾತ್ರಿಯಲ್ಲೂ ಫೋನ್ ಎತ್ತಿಕೊಂಡ ಅಕ್ಕನಿಗೆ, ನಂಬಿ ಕೆಟ್ಟ ಮೇಲೂ ಇನ್ನೊಮ್ಮೆ ನಂಬಿದ ಹೆಂಡತಿಗೆ ನಾನು ಎದುರಿಗೇ ಕೈಮುಗಿದಿದ್ದೇನೆ. ಬಾಕಿ ಉಳಿದಿರುವುದು ನನ್ನ ಹೆಸರನ್ನೇ ಕೇಳಿರದ ಕೆಲವು ಅಮೆರಿಕನ್ನರ ಋಣ. ಅವರ ಪಂಕ್ ಸಂಗೀತ ತಂಡದ ಹೆಸರು ಮೈನರ್ ಥ್ರೆಟ್. ಅದು ಬಾಳಿದ್ದು ಬರೀ ಮೂರು ವರ್ಷ, ಅದೂ ನಾನು ಹುಟ್ಟುವ ಮೊದಲು.

1980ರಲ್ಲಿ ವಾಷಿಂಗ್ಟನ್ ಡಿ.ಸಿ.ಯ ಟೀನ್ ಐಡಲ್ಸ್ ಎಂಬ ಹುಡುಗರ ತಂಡ ಒಡೆದಾಗ, ಅದರಲ್ಲಿದ್ದ ಇಯಾನ್ ಮೆಕಾಯ್ ಮತ್ತು ಜೆಫ್ ನೆಲ್ಸನ್ ಈ ಹೊಸ ತಂಡವನ್ನು ಕಟ್ಟಿದರು. ಹಳೆಯ ತಂಡ ಕಾರ್ಯಕ್ರಮಗಳಿಂದ ಕೂಡಿಸಿಟ್ಟಿದ್ದ ಹಣವನ್ನು ಹಂಚಿಕೊಳ್ಳುವ ಬದಲು ಅದರ ಹಾಡುಗಳ ಒಂದು ಸಾವಿರ ಧ್ವನಿಮುದ್ರಿಕೆಗಳನ್ನು ಅಚ್ಚು ಹಾಕಿಸಿದರು. ಹೊದಿಕೆಯ ಕಾಗದಗಳನ್ನು ತಾವೇ ಕತ್ತರಿಸಿ, ಮಡಿಚಿ, ಅಂಟು ಹಚ್ಚಿದರು. ಇಂದಿಗೂ ನಡೆಯುತ್ತಿರುವ ಡಿಸ್ಕಾರ್ಡ್ ರೆಕಾರ್ಡ್ಸ್ ಎಂಬ ಧ್ವನಿಮುದ್ರಿಕೆ ಸಂಸ್ಥೆ ಹುಟ್ಟಿದ್ದು ಹಾಗೆ. ಮುಂದೆ ನಶೆ ಒಲ್ಲದವರ ಗುರುತಾದ ಕಪ್ಪು ಇಂಕಿನ ಎಕ್ಸ್‌ನ ಕಥೆಯೂ ಆ ಹುಡುಗರದ್ದೇ: ಸ್ಯಾನ್ ಫ್ರಾನ್ಸಿಸ್ಕೋದ ಒಂದು ಕ್ಲಬ್ಬಿನಲ್ಲಿ, ವಯಸ್ಸು ಸಾಲದ ಇವರಿಗೆ ಯಾರೂ ಮದ್ಯ ಕೊಡದಿರಲೆಂದು ಮುಂಗೈ ಮೇಲೆ ಎಕ್ಸ್ ಬರೆದು ಒಳಗೆ ಬಿಟ್ಟರು. ಅವಮಾನವಾಗಬೇಕಿದ್ದ ಆ ಗುರುತನ್ನು ಅವರು ಊರಿಗೆ ತಂದು, ಚಿಕ್ಕವರಿಗೂ ಸಂಗೀತ ಕೇಳಲು ಬಾಗಿಲು ತೆರೆಯುವ ಉಪಾಯವನ್ನಾಗಿ ಮಾಡಿಕೊಂಡರು.

ನನಗೆ ಈ ತಂಡ ಸಿಕ್ಕಿದ್ದು ಬೆಂಗಳೂರಿನ ಕಂಪನಿ ಬಸ್ಸಿನಲ್ಲಿ. ಚಿಕಿತ್ಸೆ ಶುರುವಾದ ಎರಡನೆಯ ವಾರ, ಕೈ ಇನ್ನೂ ನಡುಗುತ್ತಿದ್ದ ದಿನಗಳಲ್ಲಿ, ಪಕ್ಕದ ಸೀಟಿನ ಹುಡುಗ ಏನನ್ನೂ ಕೇಳದೆ ಇಯರ್‌ಫೋನಿನ ಒಂದು ಎಳೆಯನ್ನು ನನ್ನ ಕಡೆ ಚಾಚಿದ. 1981ರ ‘ಸ್ಟ್ರೇಟ್ ಎಡ್ಜ್’ ಎಂಬ ಆ ಹಾಡು 46 ಸೆಕೆಂಡಿನದು. ಸಿಲ್ಕ್ ಬೋರ್ಡ್ ಸಿಗ್ನಲ್ ಹಸಿರಾಗುವಷ್ಟರಲ್ಲಿ ನಾಲ್ಕು ಸಲ ಮುಗಿದಿತ್ತು. ಮೊದಲ ಸಲ ಗದ್ದಲ ಬಿಟ್ಟು ಬೇರೇನೂ ಕೇಳಿಸಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಆಮೇಲೆ, ಇಪ್ಪತ್ತು ತುಂಬದ ಹುಡುಗನೊಬ್ಬ ನಶೆಗೆ ತನ್ನ ಬಳಿ ಸಮಯವಿಲ್ಲವೆಂದು ಕೂಗುತ್ತಿರುವುದು ತಿಳಿಯಿತು.

ಆದರೆ ನಾನು ಹೆಚ್ಚು ಋಣಿಯಾಗಿರುವುದು ಅವರ ಇನ್ನೊಂದು ಹಾಡಿನ ಸುತ್ತ ನಡೆದ ಜಗಳಕ್ಕೆ. ‘ಔಟ್ ಆಫ್ ಸ್ಟೆಪ್’ ಹಾಡಿನಲ್ಲಿ ಮೆಕಾಯ್ ಸೇದುವುದು, ಕುಡಿಯುವುದು ಎಂದು ತಾನು ಏನೇನು ಮಾಡುವುದಿಲ್ಲವೆಂದು ಹೇಳುತ್ತಾರೆ. ಲಯಕ್ಕೆ ಕೂರದ ಕಾರಣ ‘ನಾನು’ ಎಂಬ ಪದ ಬಿಟ್ಟುಹೋಗಿ, ಇಂಗ್ಲಿಷಿನಲ್ಲಿ ಅದು ಅಪ್ಪಣೆಯಂತೆ ಕೇಳಿಸಿತು. ತಂಡದೊಳಗೇ, ಅದರಲ್ಲೂ ಡ್ರಮ್ಮರ್ ನೆಲ್ಸನ್, ಇದಕ್ಕೆ ತಕರಾರು ತೆಗೆದರು. 1983ರಲ್ಲಿ ಅದನ್ನು ಮತ್ತೆ ಮುದ್ರಿಸಿದಾಗ, ಇದು ಯಾರಿಗೂ ಹಾಕಿದ ಕಟ್ಟಳೆಯಲ್ಲವೆಂದು ಮೆಕಾಯ್ ನಡುವೆ ಬಿಡಿಸಿ ಹೇಳಬೇಕಾಯಿತು. ಇಷ್ಟಾದರೂ ಮುಂದೆ ಕೆಲವರು ಅದನ್ನು ಕಟ್ಟಳೆಯನ್ನಾಗಿಯೇ ಮಾಡಿಕೊಂಡು ಕುಡಿಯುವವರ ಮೇಲೆ ಏರಿಹೋದರು. ಆ ಪಾಪವನ್ನು ಈ ತಂಡದ ತಲೆಗೆ ಕಟ್ಟುವುದು ನ್ಯಾಯವಲ್ಲ.

ನಾನು ಧಾರವಾಡದ ಕಡೆಯವನು. ನಮ್ಮಲ್ಲಿ ಈ ತೊಡಕಿಗೆ ಒಂದು ಪದ ಮೊದಲಿನಿಂದಲೂ ಇದೆ. ‘ಕುಡಿಯುವುದಿಲ್ಲ’ ಎಂದರೆ ಅದು ನಾನೋ ನೀನೋ ಅವನೋ ತಿಳಿಯದು. ‘ಒಲ್ಲೆ’ ಎಂದರೆ ನಾನೊಬ್ಬನೇ. ಅಲ್ಲಿಯವರೆಗೆ ‘ಕುಡೀಬ್ಯಾಡ’ ಎಂಬ ಮಾತನ್ನಷ್ಟೇ ಕೇಳಿ ಕೇಳಿ, ಕೇಳಿದಷ್ಟೂ ಕುಡಿದಿದ್ದ ನನಗೆ, ನನ್ನ ಸ್ವಂತ ನುಡಿಯ ಆ ಪದವನ್ನು ನೆನಪಿಸಿದವರು ಈ ಪರದೇಶದ ಹುಡುಗರು.

1983ರ ಸೆಪ್ಟೆಂಬರ್ 23ರಂದು ಅದೇ ವಾಷಿಂಗ್ಟನ್ನಿನಲ್ಲಿ ಅವರು ಕೊನೆಯ ಸಲ ವೇದಿಕೆ ಹತ್ತಿದರು. ಇಯಾನ್ ಮೆಕಾಯ್, ಜೆಫ್ ನೆಲ್ಸನ್, ಲೈಲ್ ಪ್ರೆಸ್ಲರ್, ಬ್ರಿಯಾನ್ ಬೇಕರ್, ನಡುವೆ ಬಂದು ಸೇರಿದ ಸ್ಟೀವ್ ಹ್ಯಾನ್ಸ್‌ಜೆನ್, ಐವರಿಗೂ ನನ್ನ ಕೃತಜ್ಞತೆಗಳು. ಬಸ್ಸಿನ ಆ ಹುಡುಗನಿಗೂ. ಅವನು ಕೆಲಸ ಬದಲಿಸಿ ಹೋಗಿದ್ದಾನೆ, ಇದನ್ನು ಓದಿದರೆ ಒಂದು ಮಾತು ಬರೆಯಲಿ.

ಹೋದ ತಿಂಗಳು ಊರಿನ ಮದುವೆಯಲ್ಲಿ ಕಾಕಾ ಎಂದಿನಂತೆ ಗ್ಲಾಸು ಮುಂದೆ ಹಿಡಿದರು. “ಒಲ್ಲೆ ಕಾಕಾ” ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, “ಹಂಗಾರ ಚಾ ತರಸ್ಲೇನು?” ಎಂದು ಒಳಗೆ ಕೂಗಿದರು.