ಪುಟ್ಟಿಗೆ ಮಾವನ ಕಾಗದ: ಮೊದಲು ಧೂಳು ಹುಡುಕು

ಪುಟ್ಟಿ,

ಪುಣೆಲಿ, ಗಡಿಯಾರದ ಥರ ತಪ್ಪದೆ ರೇಡಿಯೋ ಮಿಡಿತ ಕಳಿಸೋ ಪಲ್ಸಾರ್ ನಕ್ಷತ್ರಗಳ ಟೀಮಿಗೆ ಸೇರ್ತಿದೀಯ ಅಂತ ನಿಮ್ಮಮ್ಮ ಫೋನ್ ಮಾಡಿದಾಗಿಂದ ನಂಗೆ ಕೂತಲ್ಲಿ ಕೂರಕ್ಕಾಗ್ತಿಲ್ಲ. ಬ್ರಹ್ಮಾಂಡ ಹುಟ್ಟಿ ಮೊದಲ 3.8 ಲಕ್ಷ ವರ್ಷ ಬೆಳಕು ಆ ಕುದಿಯೋ ಗಂಜಿಯೊಳಗೇ ಸಿಕ್ಕಾಕೊಂಡಿತ್ತು, ಅದರಾಚೆಗೆ ಯಾವ ಟೆಲಿಸ್ಕೋಪಿಗೂ ಕಾಣಲ್ಲ, ಆದ್ರೆ ಆವಾಗ ದೊಡ್ಡ ಅಲ್ಲೋಲಕಲ್ಲೋಲ ಏನಾದ್ರೂ ಆಗಿದ್ರೆ ಅದರ ಗುರುತ್ವದ ಅಲೆ ಯಾವ ಅಡ್ಡಿನೂ ಇಲ್ದೆ ದಾಟಿ ಬಂದಿರುತ್ತೆ, ಅದನ್ನ ಹುಡುಕೋರ ಜೊತೆ ನಮ್ಮನೆ ಹುಡುಗಿ ಕೂರ್ತಾಳೆ ಅಂದ್ರೆ ಇನ್ನೇನು ಬೇಕು.

ಒಂದು ಮಾತು ಮಾತ್ರ ಕೇಳು. ಸಿಗ್ನಲ್ ಕಂಡ ದಿನ ಕುಣೀಬೇಡ, ಧೂಳು ಹುಡುಕು.

2014ರ ಮಾರ್ಚಲ್ಲಿ ದಕ್ಷಿಣ ಧ್ರುವದ ಬೈಸೆಪ್2 ಟೆಲಿಸ್ಕೋಪ್ ತಂಡದೋರು ಇನ್‌ಫ್ಲೇಶನ್ ಕಾಲದ, ಅಂದ್ರೆ ಬ್ರಹ್ಮಾಂಡ ಹುಟ್ಟಿದ ತಕ್ಷಣ ಭರ್ರಂತ ಹಿಗ್ಗಿದ ಹೊತ್ತಿನ ಅಲೆಯ ಗುರುತು ಸಿಕ್ತು ಅಂದ್ರು. ಆ ಇನ್‌ಫ್ಲೇಶನ್ ಸಿದ್ಧಾಂತ ಕಟ್ಟಿದೋರಲ್ಲಿ ಒಬ್ಬರಾದ ಆಂದ್ರೇ ಲಿಂಡೆ ಮನೆ ಬಾಗಿಲಿಗೇ ಹೋಗಿ ಸುದ್ದಿ ಹೇಳಿದ ವಿಡಿಯೋ ನೋಡು, ಆ ಖುಷಿಲೂ ಆತ, ಚೆನ್ನಾಗಿದೆ ಅಂತ ಮಾತ್ರ ಇದನ್ನ ನಂಬ್ತಿದ್ರೆ ಏನ್ಗತಿ ಅಂತ ಕೇಳ್ಕೋತಾರೆ. ಮುಂದಿನ ವರ್ಷ ಪ್ಲಾಂಕ್ ಉಪಗ್ರಹದ ಡೇಟಾ ಜೊತೆ ಕೂಡಿಸಿ ನೋಡಿದ್ರೆ, ಅಲೆ ಥರಾನೇ ಗುರುತು ಮೂಡಿಸೋ ನಮ್ಮ ಆಕಾಶಗಂಗೆಯ ಧೂಳನ್ನ ಕಳೆದಮೇಲೆ ಅಲೆ ಅಂತ ಹೇಳೋಕೆ ಏನೂ ಗಟ್ಟಿಯಾಗಿ ಉಳೀಲಿಲ್ಲ. ಕೆಟ್ಟ ಕೆಲಸಗಾರರಲ್ಲ ಅವರು, ಅದ್ಭುತವಾದ ಯಂತ್ರ ಕಟ್ಟಿದೋರು. ಅದಕ್ಕೇ ನಂಗೆ ಭಯ.

ನಂಗೂ ಆಗಿದೆ. ರಿಸೀವರ್ ಚಾರ್ಟಲ್ಲಿ ದಿನಾ ರಾತ್ರಿ ಒಂಬತ್ತಕ್ಕೆ ಒಂದು ಗೀರು ಬರೋದು, ಮೂರು ರಾತ್ರಿ ನಿದ್ದೆ ಇಲ್ಲ, ನಾಲ್ಕನೇ ದಿನ ಟಾರ್ಚ್ ಹಿಡ್ಕೊಂಡು ಸುತ್ತು ಹಾಕಿದ್ರೆ ವಾಚ್‌ಮನ್ ರೂಮಿನ ಟ್ಯೂಬ್‌ಲೈಟ್ ಚೋಕು.

ನಿಮ್ ಫೀಲ್ಡಲ್ಲಿ ಅಲೆ ದಾಟುವಾಗ ಪಲ್ಸಾರ್‌ನ ಪಲ್ಸ್ ಒಂಚೂರು ಹಿಂದುಮುಂದಾಗೋದನ್ನ ಹಿಡೀಬೇಕು, ಒಂದು ಅಲೆ ದಾಟೋಕೇ ವರ್ಷಗಟ್ಟಲೆ ಬೇಕು. ಇದೇ ಕೆಲಸ ಮಾಡೋ ಅಮೆರಿಕದ ನ್ಯಾನೋಗ್ರಾವ್‌ ತಂಡದೋರು 15 ವರ್ಷದ ಡೇಟಾ ಇಟ್ಕೊಂಡು 2023ರ ಜೂನಲ್ಲಿ ಬಾಯ್ಬಿಟ್ರು, ಆಗಲೂ ಸಾಕ್ಷ್ಯ ಇದೆ ಅಂದ್ರೇ ಹೊರತು ಹಿಡಿದ್ವಿ ಅನ್ಲಿಲ್ಲ. ಆ ಗುಂಯ್‌ಗುಡೋದು ದೈತ್ಯ ಕಪ್ಪುಕುಳಿ ಜೋಡಿಗಳದೋ, ಬ್ರಹ್ಮಾಂಡದ ಬಾಲ್ಯದ್ದೋ ಇನ್ನೂ ಬಿಡಿಸಬೇಕು. ಪಲ್ಸ್ ಬರೋ ಹೊತ್ತನ್ನ ಸೌರಮಂಡಲದ ತೂಕದ ನಡುಬಿಂದುವಿಗೆ ಲೆಕ್ಕ ಹಾಕ್ತಾರಲ್ಲ, ಗುರುಗ್ರಹದ ಜಾಗ ಲೆಕ್ಕದಲ್ಲಿ ಒಂಚೂರು ಆಚೀಚೆ ಆದ್ರೂ ಅಲೆ ಥರಾನೇ ಕಾಣತ್ತಂತೆ, ನೋಡು!

ಪುಣೆ ಹತ್ರದ ಖೋಡದ್‌ನ ರೇಡಿಯೋ ಟೆಲಿಸ್ಕೋಪ್ ಜಿಎಂಆರ್‌ಟಿ ಕಡಿಮೆ ಫ್ರೀಕ್ವೆನ್ಸಿಲಿ ಕೇಳತ್ತಲ್ಲ, ನಕ್ಷತ್ರಗಳ ನಡುವಿನ ಎಲೆಕ್ಟ್ರಾನ್‌ಗಳು ಪಲ್ಸನ್ನ ಎಷ್ಟು ತಡ ಮಾಡ್ತವೆ ಅಂತ ಅಳೆಯೋಕೆ ಅದೇ ಒಳ್ಳೇದು. ನಿಂಗೆ ಮೊದಲು ಅದನ್ನೇ ಕೊಟ್ರೆ ಬೇಜಾರು ಮಾಡ್ಕೋಬೇಡ ಕಣೆ, ಕ್ಲೀನಿಂಗ್ ಕೆಲಸ ಅನ್ಕೋಬೇಡ, ಉಳಿದೋರೆಲ್ಲ ನಿನ್ನ ಆ ನಂಬರ್ ಮೇಲೇ ನಿಲ್ತಾರೆ.

ಹೊರಡೋ ಮುಂಚೆ ಮನೆಗೆ ಬಾ, ನನ್ನ ಹಳೇ ಲಾಗ್‌ಬುಕ್ ತೆಗೆದಿಟ್ಟಿದೀನಿ, ಚೋಕಿನ ಪುಟಕ್ಕೆ ದಾರ ಇಟ್ಟಿದೀನಿ.

ನಿನ್ನ ಮಾವ