ಕಪ್ಪು ಬಟ್ಟೆಯ ಮೊಮ್ಮಗಳಿಗೆ ಆಯಿಯ ಪತ್ರ

ಧಾರವಾಡ

ನನ್ನ ಮುದ್ದಿನ ಕೂಸಿಗೆ,

ಆಯಿಯ ಆಶೀರ್ವಾದ. ಹೋದ ಭಾನುವಾರ ನಿನ್ನ ಮಾಮಾನ ಮನೆಯ ನಿಶ್ಚಿತಾರ್ಥದಲ್ಲಿ ನಡೆದದ್ದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಕಪ್ಪು ಅಂಗಿ, ಕಪ್ಪು ಉಗುರು, ಕೊರಳಲ್ಲಿ ಬಾವಲಿಯ ಪದಕ ಹಾಕಿಕೊಂಡು ನೀನು ಬಂದೆ. ಗಾತ್ ಅಂತ ನೀನು ಹೇಳುವ ಉಡುಪು ಅದು. "ಶುಭಕಾರ್ಯಕ್ಕ ಕರಿ ಬಟ್ಟಿ ಹಾಕ್ಕೊಂಡು ಬರ್ತಾರೇನು?" ಎಂದು ನಿನ್ನ ಅತ್ತೆ ಎಲ್ಲರ ಮುಂದೆ ಕೇಳಿದಳು. ನಿನ್ನಪ್ಪನೂ ಬೈದ. ನೀನು ಊಟ ಬಿಟ್ಟು ಮಹಡಿ ಹತ್ತಿ ಹೋದೆ. ನಾನು ಅಲ್ಲೇ ಕೂತಿದ್ದೆ, ಒಂದು ಮಾತೂ ಆಡಲಿಲ್ಲ. ಅದು ನನ್ನ ತಪ್ಪು. ಅವತ್ತು ಹೇಳಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ.

ಕಪ್ಪು ನಮ್ಮ ಮನೆಗೆ ಹೊಸದಲ್ಲ, ಕೂಸೇ. ನಮ್ಮ ಕಡೆ ಮಗಳ ಮದುವೆಗೆ ಕೊಡುವ ಸೀರೆಗಳಲ್ಲಿ ಚಂದ್ರಕಾಳಿ ಅಂತ ಒಂದು ಇರುತ್ತಿತ್ತು. ಅಪ್ಪಟ ಕಪ್ಪು ರೇಷ್ಮೆ, ಅದರ ಮೇಲೆ ಕಸೂತಿ. ನನ್ನವ್ವನಿಗೂ ಒಂದು ಇತ್ತು. ಅದರ ಸೆರಗಿನಲ್ಲಿ ಗೋಪುರ, ತೇರು, ಆನೆ, ಗಿಳಿ ಎಲ್ಲಾ ಇದ್ದವು. ಎಲ್ಲವನ್ನೂ ಅವಳೇ ಹಾಕಿದ್ದು. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಗಂಟು ಹಾಕುವುದಿಲ್ಲ. ಬಟ್ಟೆಯ ಎಳೆ ಎಣಿಸುತ್ತಲೇ ಸೂಜಿ ಹಾಕಬೇಕು. ಕಪ್ಪು ಬಟ್ಟೆಯಲ್ಲಿ ಎಳೆ ಎಣಿಸುವುದು ಎಷ್ಟು ಕಷ್ಟ ಗೊತ್ತಾ? ಅವ್ವ ಮಧ್ಯಾಹ್ನದ ಬಿಸಿಲಲ್ಲಿ ಹೊಸ್ತಿಲ ಹತ್ತಿರ ಕೂತು ಹಾಕುತ್ತಿದ್ದಳು. ಸಂಕ್ರಾಂತಿಗೆ ಅದನ್ನೇ ಉಡುತ್ತಿದ್ದಳು. ಯಾರೂ ಅಶುಭ ಅನ್ನಲಿಲ್ಲ.

ಹಾಗಂತ ಅತ್ತೆಯನ್ನು ದ್ವೇಷ ಮಾಡಬೇಡ. ಅವಳ ತವರಿನಲ್ಲಿ ಮಂಗಳ ಕಾರ್ಯಕ್ಕೆ ಕಪ್ಪು ಮುಟ್ಟುವುದಿಲ್ಲ. ಅವಳ ಮಾತಿನಲ್ಲಿ ಸಿಟ್ಟಿಗಿಂತ ಹೆದರಿಕೆ ಜಾಸ್ತಿ ಇತ್ತು. ಮಗನ ಕಾರ್ಯಕ್ಕೆ ಏನಾದರೂ ಆದೀತು ಅನ್ನುವ ಹೆದರಿಕೆ. ಮುಂಚೆಯೇ ಒಂದು ಫೋನ್ ಮಾಡಿ "ಅತ್ತೀ, ನಾ ಕಪ್ಪು ಹಾಕ್ಕೊಂಡು ಬರ್ಲೇನು?" ಎಂದು ಕೇಳಿದ್ದರೆ ಚೆನ್ನಾಗಿತ್ತು. ಅವರ ಮನೆಯ ಕಾರ್ಯ ಅಲ್ವಾ?

ಈಗ ನನ್ನ ಕಥೆ ಕೇಳು. ಇದನ್ನು ನಿನ್ನಮ್ಮನಿಗೂ ಹೇಳಿಲ್ಲ. 1974ರಲ್ಲಿ ನಾನು ಕರ್ನಾಟಕ ಕಾಲೇಜಿಗೆ ಸೇರಿದಾಗ ಗೆಳತಿಯರೆಲ್ಲಾ ನೈಲಾನ್ ಸೀರೆ ಉಡುತ್ತಿದ್ದರು. ತೆಳು ಬಟ್ಟೆ, ದೊಡ್ಡ ದೊಡ್ಡ ಹೂವು, ಇಸ್ತ್ರಿ ಬೇಡ. ಇಳಕಲ್ ಸೀರೆ ಉಟ್ಟವರಿಗೆ "ಹಳ್ಳಿಯಾಕಿ" ಎನ್ನುತ್ತಿದ್ದರು. ಅಪ್ಪನ ಹತ್ತಿರ ಹಟ ಮಾಡಿ ನಾನೂ ಎರಡು ತರಿಸಿಕೊಂಡೆ. ಅಷ್ಟಕ್ಕೇ ನಿಲ್ಲಲಿಲ್ಲ. ಹಳೆ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವಳು ಓಣಿಗೆ ಬಂದಳು. ಅವ್ವ ಮನೆಯಲ್ಲಿ ಇರಲಿಲ್ಲ. ಅವಳ ಎರಡು ಇಳಕಲ್ ಸೀರೆಯ ಜೊತೆ ಆ ಚಂದ್ರಕಾಳಿಯನ್ನೂ ಕೊಟ್ಟುಬಿಟ್ಟೆ. ಬದಲಿಗೆ ಒಂದು ಡಬ್ಬಿ ಬಂತು. ನಾನು ಈಗಲೂ ಅವಲಕ್ಕಿ ಹಾಕಿಡುತ್ತೇನಲ್ಲ, ಅದೇ ಡಬ್ಬಿ. ಅವ್ವ ಬೈಯಲಿಲ್ಲ. ಆ ರಾತ್ರಿ ಊಟ ಮಾಡಲಿಲ್ಲ, ಅಷ್ಟೇ.

ಇನ್ನೊಂದು ಮಾತು. ಆ ನೈಲಾನ್ ಸೀರೆ ನನಗೆ ಒಂದು ದಿನವೂ ಸೇರಲಿಲ್ಲ. ಬೇಸಿಗೆಯಲ್ಲಿ ಮೈಗೆ ಅಂಟಿ ಬೆವರುಸಾಲೆ ಏಳುತ್ತಿತ್ತು. ಕಾಲೇಜಿನಿಂದ ಬಂದವಳೇ ಅದನ್ನು ಬಿಚ್ಚಿ ಎಸೆದು ಹಳೆಯ ಕೈಮಗ್ಗದ ಸೀರೆ ಸುತ್ತಿಕೊಳ್ಳುತ್ತಿದ್ದೆ. ದಿನಾ ಹೀಗೆ ಮಾಡುತ್ತಿದ್ದರೂ ನನಗೆ ಯಾವುದು ಇಷ್ಟ ಅಂತ ನನಗೇ ತಿಳಿಯಲಿಲ್ಲ.

ನೀನು ಹೇಳುವ ಗಾತ್ ಅಂದರೇನು ಅಂತ ನಿನ್ನ ಅಣ್ಣನ ಕೈಲಿ ಮೊಬೈಲಿನಲ್ಲಿ ಹುಡುಕಿಸಿ, ಎರಡು ದಿನ ಕೂತು ಓದಿದೆ. ಕಪ್ಪು ಉಡುಪು, ಮಂಕು ಹಾಡು ಇಷ್ಟಪಡುವವರ ರೀತಿಯಂತೆ. 1970ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ, ಅಬ್ಬರದ ಹಾಡು, ಹರಕು ಬಟ್ಟೆಯ ಪಂಕ್ ಹುಡುಗರ ನಡುವಿನಿಂದ ಇದು ಬೆಳೆಯಿತು. 1982ರಲ್ಲಿ ಲಂಡನ್ನಿನ ಸೋಹೋದಲ್ಲಿ ಬ್ಯಾಟ್‌ಕೇವ್ ಎಂಬ ಕ್ಲಬ್ ತೆರೆಯಿತು. ಬಾವಲಿಯ ಗವಿ ಎಂದು ಅರ್ಥವಂತೆ. ನಿನ್ನ ಪದಕ ನೆನಪಾಯಿತು. ಕಪ್ಪು ಲೇಸು, ಉದ್ದ ತೋಳು ಇವೆಲ್ಲಾ ವಿಕ್ಟೋರಿಯಾ ರಾಣಿಯ ಕಾಲದ ಶೋಕದ ಉಡುಪಿನಿಂದ ಬಂದವು. 1861ರಲ್ಲಿ ಗಂಡ ತೀರಿಕೊಂಡ ಮೇಲೆ ಆಕೆ 1901ರಲ್ಲಿ ತಾನು ಸಾಯುವವರೆಗೂ ಕಪ್ಪನ್ನೇ ಉಟ್ಟಳು. ಹತ್ತಿರ ಹತ್ತಿರ 40 ವರ್ಷ! ಓದಿ ನನಗೆ ಸಂಕಟವಾಯಿತು.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ವಿಷಯ. ಆ ಮೊದಲಿನ ಹುಡುಗ ಹುಡುಗಿಯರಲ್ಲಿ ಬಹಳ ಮಂದಿ ಹಳೆ ಬಟ್ಟೆ ತಂದು, ತಾವೇ ಕತ್ತರಿಸಿ, ಹರಿದಲ್ಲಿ ಪಿನ್ನು ಚುಚ್ಚಿ ಹಾಕಿಕೊಂಡರು. ಆಮೇಲೆ ಅಂಗಡಿಯವರು ಬಂದರು. ಪಂಕ್ ಶುರುವಾಗಿ ಸ್ವಲ್ಪ ದಿನಕ್ಕೇ, 1977ರಲ್ಲಿ, ಜಾಂಡ್ರಾ ರೋಡ್ಸ್ ಎಂಬ ವಿನ್ಯಾಸಕಿ ಹರಕು ಬಿಟ್ಟ ಗೌನುಗಳಿಗೆ ಹರಳು ಕೂರಿಸಿದ ಪಿನ್ನು ಹಾಕಿ ತೋರಿಸಿದಳು. ಬಡ ಹುಡುಗರ ಪಿನ್ನು ಉಳ್ಳವರ ಮೈಮೇಲೆ ಹೋಯಿತು. ಹೀಗೆ ಕೈಯಿಂದ ಮಾಡಿಕೊಂಡದ್ದು ಕೊಳ್ಳುವ ವಸ್ತುವಾದರೆ, ಕೊಳ್ಳಲಾಗದವರು ಹೊರಗೆ ಉಳಿಯುತ್ತಾರೆ.

ನಿನಗೂ ಅದೇ ಆಯಿತಲ್ಲ. ಹುಬ್ಬಳ್ಳಿಯ ದುರ್ಗದ ಬೈಲಿನ ಪೇಟೆಯಲ್ಲಿ ಕೊಂಡ ಅಗ್ಗದ ಬೂಟು ನೋಡಿ ನಿನ್ನ ಗೆಳತಿ "ನೀ ಖರೇ ಗಾತ್ ಅಲ್ಲ" ಎಂದಳಂತೆ. ನೀನು ರಾತ್ರಿಯೆಲ್ಲಾ ಅತ್ತು, ಒಂಬತ್ತು ಸಾವಿರದ ಬೂಟು ಬೇಕು ಎಂದೆಯಂತೆ. ಅಮ್ಮ ಹೇಳಿದಳು. ಅತ್ತೆ ಬಟ್ಟೆ ನೋಡಿ ತೀರ್ಪು ಕೊಟ್ಟಳು, ಗೆಳತಿ ಬೂಟು ನೋಡಿ ಕೊಟ್ಟಳು. ಅತ್ತೆಯ ಮಾತಿಗೆ ನೀನು ಎದ್ದು ಹೋದೆ. ಗೆಳತಿಯ ಮಾತಿಗೆ ತಲೆ ಬಾಗಿಸಿದೆ. ಯಾಕೆ ಅಂತ ಒಮ್ಮೆ ಯೋಚನೆ ಮಾಡು.

ದೀಪಾವಳಿ ರಜೆಗೆ ನೀನು ಇಲ್ಲಿ ಎಂಟು ದಿನ ಇದ್ದೆ. ಕಪ್ಪು ಅಂಗಿಯನ್ನು ಮನೆಯಲ್ಲೂ ಬಿಡುತ್ತಿರಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಅದೇ, ಹಿಟ್ಟು ಬಿದ್ದರೂ ಅದೇ. ಬೂಟು ಮಾತ್ರ ಬಾಗಿಲು ದಾಟಿದ ಕೂಡಲೇ ಮೂಲೆಗೆ ಹೋಗುತ್ತಿತ್ತು, ಕಾಲು ತಿಕ್ಕಿಕೊಳ್ಳುತ್ತಾ ಕೂರುತ್ತಿದ್ದೆ. ನನ್ನ ನೈಲಾನ್ ಸೀರೆ ನೆನಪಾಯಿತು. ಕಪ್ಪು ನಿನ್ನದು, ಕೂಸೇ. ಬೂಟು ಆ ಹುಡುಗಿಯದು. ಕಪ್ಪನ್ನು ಯಾರು ಬೈದರೂ ಇಟ್ಟುಕೋ. ಬೂಟಿಗೆ ನಿನ್ನಮ್ಮನ ದುಡ್ಡು ಹಾಕಬೇಡ.

ಕೂದಲಿಗೆ ಕಪ್ಪು ಬಣ್ಣ ಹಾಕುವ ವಿಚಾರ ಇದ್ದರೆ ಎರಡು ದಿನ ಮುಂಚೆ ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡು. ಕೆಲವರಿಗೆ ಅದು ಆಗಿಬರುವುದಿಲ್ಲ, ಮುಖ ಊದಿಕೊಳ್ಳುತ್ತದೆ. ಕಿವಿ, ಮೂಗು ಎಲ್ಲಿ ಚುಚ್ಚಿಸಿದರೂ ಗೆಳತಿಯರ ಕೈಲಿ ಪಿನ್ನಿನಿಂದ ಬೇಡ. ಈ ಮಾತು ಮೀರಬೇಡ.

ಬರುವ ಭಾನುವಾರ ಚಿಗರಿ ಬಸ್ ಹತ್ತಿ ಬಾ. ನಿನ್ನ ಕಪ್ಪು ಜಾಕೆಟ್ ತೊಗೊಂಡು ಬಾ. ಜೀನ್ಸ್ ಬಟ್ಟೆಯಲ್ಲಿ ಎಳೆ ಎಣಿಸುವುದು ನನ್ನ ಕಣ್ಣಿಗೆ ಆಗುವುದಿಲ್ಲ, ಅದಕ್ಕೇ ಎಳೆ ಸುಲಭವಾಗಿ ಕಾಣುವ ಕಪ್ಪು ಮ್ಯಾಟಿ ಬಟ್ಟೆಯ ತುಂಡೊಂದನ್ನು ತರಿಸಿದ್ದೇನೆ. ಜಾಕೆಟ್ಟಿನ ಬೆನ್ನಿಗೆ ಅದನ್ನು ಹಚ್ಚೋಣ. ಮೂರು ದಿನದಿಂದ ಅದರ ಮೇಲೆ ಕೆಂಪು ದಾರದಲ್ಲಿ ಬಾವಲಿ ಹಾಕುತ್ತಿದ್ದೇನೆ. ಅವ್ವನ ನಮೂನೆಗಳಲ್ಲಿ ಬಾವಲಿ ಇರಲಿಲ್ಲ, ಗಿಳಿಯ ರೆಕ್ಕೆಯನ್ನು ನೋಡಿಕೊಂಡು ಚೌಕಳಿ ಹಾಳೆಯ ಮೇಲೆ ನಾನೇ ಲೆಕ್ಕ ಹಾಕಿದೆ. ಗಾವಂತಿ ಹೊಲಿಗೆ ಅದು. ಹೋಗುವಾಗ ಒಂದು ಚೌಕ ಬಿಟ್ಟು ಒಂದು ಚೌಕ ಹಾಕಬೇಕು, ತಿರುಗಿ ಬರುವಾಗ ಬಿಟ್ಟದ್ದನ್ನು ತುಂಬಬೇಕು. ಹೋಗುವ ಹೊಲಿಗೆ ಮುಗಿಸಿದ್ದೇನೆ. ತಿರುಗಿ ಬರುವ ಹೊಲಿಗೆ ನಿನಗೆ ಬಿಟ್ಟಿದ್ದೇನೆ.

ನಿನ್ನ ದಾರಿ ಕಾಯುವ,
ಆಯಿ