ಕರಡಿ ಬೇಟೆಗೆ ಹೋಗದವರಿಗೆ

ನಾಟಕ ಮುಗಿಯಿತು. ಮೈಸೂರಿನ ನಮ್ಮ ಹವ್ಯಾಸಿ ತಂಡ ‘ಎ ಸ್ಕ್ರ್ಯಾಪ್ ಆಫ್ ಪೇಪರ್’ ಎಂಬ ಹಳೆಯ ಹಾಸ್ಯನಾಟಕವನ್ನು ಕನ್ನಡಕ್ಕೆ ತಂದು ಆಡಿತು. ಕೊನೆಯ ದಿನ ಪಕ್ಕದ ಕಲ್ಯಾಣ ಮಂಟಪದಿಂದ ಕುರ್ಚಿ ತರಿಸಬೇಕಾಯಿತು. ವೇದಿಕೆಯ ಮೇಲೆ ಹಾರ ಹಾಕಿ ವಂದನಾರ್ಪಣೆ ಮಾಡುವ ಅಭ್ಯಾಸ ನಮ್ಮಲ್ಲಿಲ್ಲ. ಆ ಋಣವನ್ನು ಇಲ್ಲಿ ತೀರಿಸುತ್ತಿದ್ದೇನೆ.

ಇದೇ ನಾಟಕ ಯಾಕೆ ಎಂದು ಕೇಳಿದವರು ಹಲವರು. ಫ್ರಾನ್ಸಿನ ಸಾರ್ದೂ 1860ರಲ್ಲಿ ಬರೆದದ್ದನ್ನು ಮರುವರ್ಷವೇ ಪ್ಯಾಲ್‌ಗ್ರೇವ್ ಸಿಂಪ್ಸನ್ ಲಂಡನ್ನಿನ ರಂಗಕ್ಕೆ ಒಗ್ಗಿಸಿದ. ಅಲ್ಲಿಂದ ಅದು ಸಿಮ್ಲಾದ ಬೆಟ್ಟ ಹತ್ತಿತು. 1887ರಲ್ಲಿ, ಆಗಷ್ಟೇ ಬಾಗಿಲು ತೆರೆದಿದ್ದ ಗೇಯ್ಟಿ ರಂಗಮಂದಿರದಲ್ಲಿ ಹವ್ಯಾಸಿಗಳು ಇದನ್ನು ಆಡಿದಾಗ, ಹುಳಹುಪ್ಪಟೆಗಳ ಹಿಂದೆ ಬಿದ್ದ ಬ್ರಿಸ್‌ಮೂಶ್‌ನ ಪಾತ್ರ ಮಾಡಿದವನು ಲಾಹೋರಿನ ಪತ್ರಿಕೆಯೊಂದರಲ್ಲಿ ದುಡಿಯುತ್ತಿದ್ದ 21 ವರ್ಷದ ರುಡ್ಯಾರ್ಡ್ ಕಿಪ್ಲಿಂಗ್. ಆ ಮಂದಿರದ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್. 1897ರಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ ನಮ್ಮ ಅಂಬಾವಿಲಾಸಕ್ಕೆ ನಕ್ಷೆ ಹಾಕಿದವನೂ ಅವನೇ. ಮೈಸೂರಿನವರಿಗೆ ಇಷ್ಟು ನಂಟು ಸಾಲದೇ?

ಕಥೆಯೆಲ್ಲ ಒಂದು ಕಾಗದದ್ದು. ಮದುವೆಗೆ ಮುಂಚೆ ಹುಡುಗಿಯೊಬ್ಬಳು ಪ್ರಿಯಕರನಿಗೆ ಬರೆದದ್ದು, ಮೂರು ವರ್ಷ ಪಿಂಗಾಣಿ ಬೊಂಬೆಯಲ್ಲಿ ಅಡಗಿ ಕುಳಿತಿರುತ್ತದೆ. ಆಮೇಲೆ ಅದು ಅರ್ಧ ಸುಡುತ್ತದೆ, ಕಿಟಕಿಯಾಚೆ ಬೀಳುತ್ತದೆ, ಹುಳ ಹಿಡಿಯುವವನ ಕೈ ಸೇರುತ್ತದೆ, ಮತ್ತೊಬ್ಬ ಎಳೆಯ ಪ್ರೇಮಿ ಅದರಲ್ಲೇ ಖಾಲಿ ಜಾಗ ಹುಡುಕಿ ತನ್ನ ಓಲೆ ಗೀಚುತ್ತಾನೆ. ಸಾಹಿತ್ಯದ ದೃಷ್ಟಿಯಿಂದ ಮಹತ್ವದ್ದೇನೂ ಅಲ್ಲ. ಆದರೆ ಗಡಿಯಾರದಂತೆ ನಡೆಯುತ್ತದೆ.

ಹಾಗಾಗಿ ಮೊದಲ ವಂದನೆ ಆ ಕಾಗದಗಳನ್ನು ತಯಾರಿಸಿದ ಕಾಲೇಜು ಹುಡುಗಿಗೆ. ಪ್ರತಿ ಪ್ರದರ್ಶನಕ್ಕೂ ಹೊಸ ಕಂತೆ ಬೇಕು: ಇಡಿಯದು, ಸುರುಳಿ ಸುತ್ತಿದ್ದು, ಅಂಚು ಕರಕಲಾದದ್ದು. ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ, ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸುತ್ತಿದ್ದಳು. ಅವಳ ಅಮ್ಮನಿಗೂ ವಂದನೆ. ಆ ಮನೆಯಲ್ಲಿ ಬೆಳಗಿನ ಕಾಫಿ ನೀರಾಗಿತ್ತು ಎಂದು ಕೇಳಿದ್ದೇನೆ.

ನಾಯಕಿ ಸುಜಾನ್ ಪಾತ್ರ ವಹಿಸಿದ ಶಿಕ್ಷಕಿ ನಂಜನಗೂಡಿನ ಬಸ್ಸಿನಲ್ಲಿ ನಿಂತುಕೊಂಡೇ ಮಾತು ಬಾಯಿಪಾಠ ಮಾಡಿದವರು. ಎರಡನೆಯ ದಿನ ಎದುರಿಗಿದ್ದ ನಾಯಕ ಎಷ್ಟು ಗೀರಿದರೂ ಬೆಂಕಿಕಡ್ಡಿ ಹತ್ತಲಿಲ್ಲ. ಕಾಗದ ಸುಡದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. “ನಿಮ್ಮ ಪ್ರೇಮದ ಹಾಗೆಯೇ ನಿಮ್ಮ ಕಡ್ಡಿ, ಬರೀ ಗೀರುವ ಸದ್ದು” ಎಂದು ಅವರು ತಮ್ಮದೇ ಮಾತು ಸೇರಿಸಿದರು. ಸಭೆಯ ನಗು ಇಳಿಯುವಷ್ಟರಲ್ಲಿ ಕಡ್ಡಿ ಹತ್ತಿತು. ಆ ಮಾತನ್ನು ಮರುದಿನದಿಂದ ನಾಟಕದಲ್ಲೇ ಉಳಿಸಿಕೊಂಡೆವು. ಸಾರ್ದೂ ಆಕ್ಷೇಪಿಸಲಾರ.

ತಾಲೀಮಿನ ದಿನಗಳಲ್ಲಿ ನಮಗೆ ಧೈರ್ಯ ಕೊಟ್ಟದ್ದು ಎಮಿಲಿ ಈಡನ್ ಎಂಬಾಕೆಯ ಪತ್ರಗಳು. ಗವರ್ನರ್ ಜನರಲ್ ಆಕ್ಲೆಂಡನ ತಂಗಿ ಈಕೆ. 1838ರಲ್ಲಿ, ಗೇಯ್ಟಿ ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲು, ಸಿಮ್ಲಾದ ಪುಟ್ಟ ಕೊಳಕು ರಂಗಮಂದಿರದಲ್ಲಿ ಆಗ್ರಾದ ಬರಗಾಲದ ಸಂತ್ರಸ್ತರ ಸಹಾಯಾರ್ಥ ನಾಟಕ ಎಂದು ನಿರ್ಧಾರವಾಗಿತ್ತು. ಲಕ್ಷಾಂತರ ಜನ ಹಸಿವಿನಿಂದ ಸತ್ತ ಬರ ಅದು. ಆಳುವವರ ಕರುಣೆ ಪ್ರಹಸನದ ಟಿಕೆಟ್ಟಿನಲ್ಲಿತ್ತು ಎಂಬುದನ್ನು ಓದಿ ನಗಲು ಮನಸ್ಸಾಗುವುದಿಲ್ಲ. ಆದರೆ ಮುಂದಿನದನ್ನು ಓದಿ ನಗದ ಹವ್ಯಾಸಿ ಕಲಾವಿದ ಇರಲಾರ. ಒಬ್ಬ ನಟನಿಗೆ ಮನಸ್ಸೇ ಕುಗ್ಗಿಹೋಯಿತಂತೆ. ಹೆಣ್ಣು ಪಾತ್ರ ಚೆನ್ನಾಗಿ ಮಾಡುತ್ತಿದ್ದ ಇನ್ನೊಬ್ಬ ಮೀಸೆ ತೆಗೆಯಲು ಒಪ್ಪಲಿಲ್ಲವಂತೆ. ಮತ್ತೊಬ್ಬ ಹಿಮಪರ್ವತದ ಕಡೆಗೆ ಕರಡಿ ಬೇಟೆಗೆ ಹೊರಟೇಹೋದ. ಹಿಮದ ಬೆಳಕಿಗೆ ಕಣ್ಣು ಕತ್ತಲಾಗಿ, ಕಂಬಳಿಯಲ್ಲಿ ಸುತ್ತಿಸಿಕೊಂಡು ವಾಪಸಾದ. ದೊರೆಗಳು ಕೈಬಿಟ್ಟ ನಾಟಕವನ್ನು ತಾವು ಆಡುತ್ತೇವೆಂದು ಮುಂದೆ ಬಂದವರು ಕಚೇರಿಯ ಕೆಳದರ್ಜೆಯ ನೌಕರರು.

ನಮ್ಮದು ಆ ನೌಕರರ ವಂಶ. ಬ್ಯಾಂಕು, ಅಂಚೆ, ಸಬ್ ರಿಜಿಸ್ಟ್ರಾರ್ ಕಚೇರಿ ಮುಗಿಸಿ ಸಂಜೆ ಏಳಕ್ಕೆ ಸೇರುವವರು. ಎಳೆಯ ಪ್ರೇಮಿಯ ಪಾತ್ರಕ್ಕಾಗಿ ನಮ್ಮ ಅಂಚೆಯಣ್ಣ ತಮ್ಮನ ಮದುವೆಯ ಹಿಂದಿನ ವಾರ ಹುರಿಮೀಸೆ ಬೋಳಿಸಿದರು. ಫೋಟೊದಲ್ಲಿ ಅವರ ಗುರುತು ಹಿಡಿಯಲಾರದ ನೆಂಟರೆಲ್ಲ ದಯವಿಟ್ಟು ನಮ್ಮನ್ನು ಮನ್ನಿಸಬೇಕು. ಬೆಳಕಿನವರು, ಮೇಕಪ್ಪಿನವರು, ಪರದೆ ಎಳೆದ ಹುಡುಗರು, ಉಪ್ಪಿಟ್ಟು ಕಳಿಸಿದ ಮನೆಗಳು, ಎಲ್ಲರಿಗೂ ನಮಸ್ಕಾರ. ಒಪ್ಪಿಕೊಂಡಿದ್ದ ಸಭಾಂಗಣ ಕಡೆಗಳಿಗೆಯಲ್ಲಿ ಕೈಕೊಟ್ಟಾಗ ತಮ್ಮ ಶಾಲೆಯ ರಂಗಮಂಚ ಬಿಟ್ಟುಕೊಟ್ಟ ಮುಖ್ಯೋಪಾಧ್ಯಾಯರಿಗೆ ಇನ್ನೊಂದು ಹೆಚ್ಚು.

ಅಜ್ಜಿಯ ಕಾಲದ ಪಿಂಗಾಣಿ ಬೊಂಬೆಯನ್ನು ನಂಬಿ ನಮ್ಮ ಕೈಗಿತ್ತ ಸರಸ್ವತಿಪುರಂನ ದಂಪತಿಗಳೇ, ಅದು ಕ್ಷೇಮವಾಗಿದೆ. ಭಾನುವಾರ ಬೆಳಿಗ್ಗೆ ತಂದೊಪ್ಪಿಸುತ್ತೇವೆ. ಹತ್ತರ ತನಕ ಮನೆಯಲ್ಲಿರಿ.